ತಮ್ಮನ ಪಾಲು

ಪಂಚಮಿಯನ್ನು ಹೆಣ್ಣುಮಕ್ಕಳ ಹಬ್ಬ ಎನ್ನುತ್ತಾರೆ. ಹಬ್ಬವೇನೋ ಹೆಣ್ಣುಮಕ್ಕಳದು, ಪರೀಕ್ಷೆ ಮಾತ್ರ ಅಣ್ಣತಮ್ಮಂದಿರದು. ಬಂಡಿ ಕಟ್ಟಿಕೊಂಡು ಕೊಟ್ಟ ಮನೆಯ ಬಾಗಿಲಿಗೆ ಬಂದು ತಂಗಿಯನ್ನೋ ಅಕ್ಕನನ್ನೋ ಕರೆದವನು ಪಾಸು, ಬಾರದವನು ನಪಾಸು. ಆದರೆ ಇದೆಲ್ಲ ಎಳೆಯ ಸೊಸೆಯಂದಿರ ಲೆಕ್ಕ. ಅರವತ್ತು ದಾಟಿದ ಅತ್ತೆಗೂ ಒಂದು ತವರು ಇತ್ತು, ಅಲ್ಲಿಂದಲೂ ಒಬ್ಬ ಬರಬೇಕಿತ್ತು ಎಂದು ಯಾರಿಗೂ ನೆನಪಾಗುವುದಿಲ್ಲ.

ಬಳ್ಳಾರಿಯ ಕೌಲಬಜಾರಿನ ಅಕ್ಕನಾಗಮ್ಮನ ತವರು ಸಿರುಗುಪ್ಪ. ಅಲ್ಲಿ ಅವಳಿಗೆ ಒಬ್ಬನೇ ತಮ್ಮ, ವಿರೂಪಾಕ್ಷಪ್ಪ. ಅವನು ಕರೆಯಲು ಬರದೆ ಇಪ್ಪತ್ತೇಳು ವರ್ಷವಾಗಿತ್ತು. ಇವಳೂ ಹೋಗಿರಲಿಲ್ಲ. ಮನೆಯಲ್ಲಿ ಆ ಊರಿನ ಹೆಸರೆತ್ತಿದರೆ ಅಕ್ಕನಾಗಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗುವಂತೆ ಕೆಳಗಿಡುತ್ತಿದ್ದಳು. ಮಗ ಚಿದಾನಂದಪ್ಪ, ಸೊಸೆ ಎರ್ರಮ್ಮ, ಏಳು ವರ್ಷದ ಮೊಮ್ಮಗಳು ಹುಲುಗಿ ಮೂವರಿಗೂ ಆ ಸದ್ದಿನ ಅರ್ಥ ಗೊತ್ತಿತ್ತು.

ಯುದ್ಧದ ಐದನೆಯ ವರ್ಷ. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು, ಹಬ್ಬಗಳಿಗೆ ಮಾತ್ರ ರೇಷನ್ನು ಇರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಚಿದಾನಂದಪ್ಪ ಗುಮಾಸ್ತನಾಗಿದ್ದ ದಲಾಲಿ ಅಂಗಡಿಗೆ ಸಿರುಗುಪ್ಪದ ಕಡೆಯಿಂದ ಜೋಳದ ಬಂಡಿಗಳು ಬಂದವು. ಬಂಡಿಯ ಓಬಣ್ಣ ಎತ್ತುಗಳ ಕೊರಳ ಹಗ್ಗ ಬಿಚ್ಚಿ ನೇರವಾಗಿ ಇವನ ಗಾದಿಯ ಹತ್ತಿರ ಬಂದ.

"ಚಿದಾನಂದಪ್ಪಾರ, ನಿಮ್ಮ ಮಾವ ವಿರೂಪಾಕ್ಷಪ್ಪಾರು ತೀರಿಕೊಂಡ್ರು. ಮೂರು ದಿನ ಜ್ವರ ಬಂದಿದ್ವು ಅಷ್ಟ. ಅಮಾಸಿ ದಿನಾನ ಹೋದ್ರು. ನಿನ್ನಿ ಮಣ್ಣಾತು."

ಚಿದಾನಂದಪ್ಪ ಕೈಯಲ್ಲಿದ್ದ ಲೇಖಣಿಯನ್ನು ಕಿವಿಗೆ ಸಿಕ್ಕಿಸಿದ.

"ಹನ್ನೊಂದನೇ ದಿನ ಗಣಾರಾಧನಿ ಐತಿ. ಅಕ್ಕಾರನ್ನ ಕರಕೊಂಡು ಬರ್ರಿ ಅಂತ ದೊಡ್ಡಬಸಮ್ಮಾರು ಹೇಳಿ ಕಳಿಸ್ಯಾರ," ಎಂದ ಓಬಣ್ಣ. ದೊಡ್ಡಬಸಮ್ಮ ಎಂದರೆ ವಿರೂಪಾಕ್ಷಪ್ಪನ ಹೆಂಡತಿ.

"ಹೇಳ್ತೀನಿ," ಎಂದ ಚಿದಾನಂದಪ್ಪ. ಹೇಳಬೇಕೆಂದೇ ಸಂಜೆ ಬೇಗ ಮನೆಗೆ ಹೋದ.

ಮನೆಯಲ್ಲಿ ಅವ್ವ ಎಂದೂ ಇಲ್ಲದ ಹರ್ಷದಲ್ಲಿದ್ದಳು. ಹಬ್ಬಕ್ಕೆ ಮಾಡಿದ ಮಣ್ಣೆತ್ತಿನ ಕೋಡು ಮುರಿದಿದ್ದಕ್ಕೆ ಹುಲುಗಿ ಅತ್ತಿದ್ದಳಂತೆ, ಅಜ್ಜಿ ಕೆರೆಯ ಜೇಡಿ ತರಿಸಿ ಹೊಸ ಜೋಡಿಯನ್ನೇ ಮಾಡಿಕೊಟ್ಟಿದ್ದಳು. ಊಟಕ್ಕೆ ಕೂತಾಗ ಬಿಸಿ ರೊಟ್ಟಿಯ ಮೇಲೆ ತಾನೇ ಬೆಣ್ಣೆ ಹಾಕಿದಳು.

ಚಿದಾನಂದಪ್ಪ ಒಂದು ತುತ್ತು ನುಂಗಿ, "ಇವತ್ತು ಸಿರುಗುಪ್ಪಿ ಬಂಡಿ ಬಂದಿದ್ವು," ಎಂದ.

ಬೆಣ್ಣೆಯ ಬಟ್ಟಲು ಠಣ್ಣೆಂದು ಕೆಳಗೆ ಕೂತಿತು. "ಉಣ್ಣೂವಾಗ ಆ ಊರ ಹೆಸರು ತಗೀಬ್ಯಾಡ ಅಂತ ಎಷ್ಟು ಸಲ ಹೇಳಲೆಪಾ?"

"ಇಲ್ಲ ಅವ್ವಾ, ಸುಮ್ಮನ ಅಂದೆ."

ಅಲ್ಲಿಗೆ ಮುಗಿಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂದು ಗಾದೆ ಕಟ್ಟಿದವರು ಇಂಥವನನ್ನು ನೋಡಿಯೇ ಕಟ್ಟಿರಬೇಕು. ಚಿದಾನಂದಪ್ಪ ಕೆಟ್ಟವನಲ್ಲ. ಸಿಟ್ಟಿನ ಅವ್ವನ ಮಡಿಲಲ್ಲಿ ಬೆಳೆದವರು ಮಾತನ್ನು ಮುಂದಕ್ಕೆ ಹಾಕುವುದನ್ನು ಎಳೆತನದಲ್ಲೇ ಕಲಿಯುತ್ತಾರೆ. ಮರುದಿನ ಹೇಳಲಿಲ್ಲ, ಅದರ ಮರುದಿನ ನಿನ್ನೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಹೆದರಿಸಿತು. ಹನ್ನೊಂದನೆಯ ದಿನ ಅಂಗಡಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚದೆ ಹಾಗೆಯೇ ಮನೆಗೆ ತಂದ. ಸೊಸೆಯ ಅಡುಗೆ ಸೇರಲಿಲ್ಲವೇನೋ ಎಂದು ಅಕ್ಕನಾಗಮ್ಮ ಎರ್ರಮ್ಮನನ್ನು ಬೈದಳು. ಎರ್ರಮ್ಮ ಗಂಡನ ಮುಖ ನೋಡಿದಳು. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ನಡೆದ.

ಆಷಾಢ ಅರ್ಧ ಸವೆಯುತ್ತಲೇ ಎರ್ರಮ್ಮನ ಕಣ್ಣು ಬಾಗಿಲ ಕಡೆ ಹೊರಳತೊಡಗಿತು. ಅವಳ ತವರು ಕುರುಗೋಡು, ಬಂಡಿಯಲ್ಲಿ ಅರ್ಧ ದಿನದ ದಾರಿ. ತಮ್ಮ ಮರಿಬಸಪ್ಪ ಒಂಬತ್ತು ವರ್ಷದಿಂದ ತಪ್ಪದೆ ಬಂದಿದ್ದ. ನಾಗರ ಅಮಾವಾಸ್ಯೆಯ ಮರುದಿನ ಬಂದು, ಚೌತಿಯ ಹಾಲೆರೆಯುವವರೆಗೂ ಇದ್ದು, ಆಮೇಲೆ ಅಕ್ಕನನ್ನೂ ಹುಲುಗಿಯನ್ನೂ ಕರೆದುಕೊಂಡು ಹೋಗಿ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದ. ಈ ವರ್ಷ ಅಮಾವಾಸ್ಯೆ ಕಳೆದು ಎರಡು ದಿನವಾದರೂ ಅವನ ಸುಳಿವಿಲ್ಲ.

ಅತ್ತೆ ಸೊಸೆ ಉಂಡಿಗೆ ಕೂತರು. ಎಳ್ಳು ಹುರಿದಾಯಿತು, ಶೇಂಗಾ ಹುರಿದು ಸಿಪ್ಪೆ ತೂರಿದ್ದಾಯಿತು. ಪಾಕದ ಹತ್ತಿರ ಮಾತ್ರ ಇಬ್ಬರಿಗೂ ಪ್ರತಿ ವರ್ಷದ ಜಗಳ.

"ಇನ್ನಷ್ಟು ಕಾಯಲಿ ಬಿಡ್ರಿ ಅತ್ತಿ. ನಮ್ಮ ಕಡಿ ಗಟ್ಟಿ ಪಾಕಾನ ಹಿಡೀತೀವಿ."

"ನಿಮ್ಮ ಕುರುಗೋಡು ಉಂಡಿ ಒಗದ್ರ ನಾಯಿ ಸಾಯ್ತತಿ. ಹಲ್ಲಿಲ್ಲದವರು ತಿನ್ನಬೇಕೋ ಬ್ಯಾಡೋ?"

"ಹಲ್ಲಿಲ್ಲದವರು ನಮ್ಮನ್ಯಾಗ ಯಾರದಾರ್ರಿ? ನಿಮಗ ಇನ್ನ ಎಲ್ಲಾ ಅದಾವು."

ಅಕ್ಕನಾಗಮ್ಮ ಬೆಲ್ಲದ ಕೊಪ್ಪರಿಗೆಯನ್ನು ತಾನೇ ಒಲೆಯಿಂದ ಇಳಿಸಿದಳು. ಅಂಥ ಮೆತ್ತನೆಯ ಎಳ್ಳುಂಡಿ ಯಾರಿಗಾಗಿ ಎಂದು ಎರ್ರಮ್ಮ ಕೇಳಲಿಲ್ಲ. ಐವತ್ತೆಂಟು ವರ್ಷದ ಗಂಡಸೊಬ್ಬನ ಹಲ್ಲು ಈಗ ಹೇಗಿರಬಹುದು ಎಂದು ಮುದುಕಿ ಒಲೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದಳು ಎಂದರೆ ಸೊಸೆ ನಂಬುತ್ತಿರಲಿಲ್ಲ. ಪ್ರತಿ ವರ್ಷವೂ ಹೀಗೆ ಹನ್ನೆರಡು ಉಂಡಿ ಬೇರೆ ಡಬ್ಬಿಗೆ ಹೋಗುತ್ತಿದ್ದವು, ಹಬ್ಬ ಮುಗಿದ ಮೇಲೆ ಓಣಿಯ ಮಕ್ಕಳ ಪಾಲಾಗುತ್ತಿದ್ದವು.

ಹುಲುಗಿ ಕೊಬ್ಬರಿ ಬಟ್ಟಲು ಹಿಡಿದು ಹಾಲೆರೆಯುವ ಆಟ ಆಡುತ್ತಿದ್ದಳು. ಆ ಕಡೆಯ ಮನೆಗಳಲ್ಲಿ ನಾಗಪ್ಪನಿಗೆ ಹಾಲೆರೆಯುವುದು ಹೀಗೆ: ಒಣಕೊಬ್ಬರಿಯ ಬಟ್ಟಲಲ್ಲಿ ಬೆಲ್ಲದ ಚೂರು ಇಟ್ಟು, ಹಾಲಲ್ಲಿ ಅದ್ದಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಪಾಲು ಕಲ್ಲಿನ ಮೇಲೆ ಬಿಡಬೇಕು.

"ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಜ್ಜಿ ಪಾಲು, ಅಜ್ಜನ ಪಾಲು..."

"ಅಜ್ಜನ ಪಾಲು ಅನಬಾರದವ್ವ," ಎಂದಳು ಅಕ್ಕನಾಗಮ್ಮ. "ಸತ್ತವರಿಗಿ ಪಾಲಿಲ್ಲ. ಅವರಿಗಿ ಬ್ಯಾರೆ ಹಬ್ಬ ಐತಿ. ಇದು ಬದುಕಿದವರ ಪಾಲು."

"ಮತ್ತ ನಿನ್ನ ತಮ್ಮ ಸತ್ತಾನೇನಜ್ಜಿ? ನೀ ಯಾವತ್ತೂ ತಮ್ಮನ ಪಾಲು ಅನ್ನಂಗಿಲ್ಲ."

ಚಿದಾನಂದಪ್ಪ ಪಡಸಾಲೆಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಹಾಗೆಯೇ ನಿಂತ. ಅವ್ವ ಬಟ್ಟಲು ಕುಕ್ಕಲಿಲ್ಲ. ಎಳ್ಳು ಹತ್ತಿದ ಕೈಯನ್ನು ನೋಡಿಕೊಂಡು, "ಬದುಕ್ಯಾನ," ಎಂದಳು. "ಗುಂಡಕಲ್ಲಿನಂಗ ಬದುಕ್ಯಾನ."

ಆಮೇಲೆ, ಯಾರೂ ಕೇಳದಿದ್ದರೂ, ಎರ್ರಮ್ಮನಿಗೆ ಹೇಳಿದಳು. ಅವ್ವ ಸಾಯುವಾಗ ಹಟ್ಟಿಯಲ್ಲಿದ್ದ ಎಮ್ಮೆಯನ್ನು ಮಗಳಿಗೆ ಅಂದಿದ್ದಳು. ತಮ್ಮ ಅದನ್ನು ಹೇಳದೆ ಕೇಳದೆ ತೆಕ್ಕಲಕೋಟೆ ಸಂತೆಯಲ್ಲಿ ಮಾರಿದ. ಪಂಚಮಿಗೆ ಕರೆಯಲೇನೋ ಬಂದ, ಆದರೆ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಹೋಗಿ ನೋಡಿದರೆ ಗೂಟ ಬರಿದು.

"ಹಾಲೆರಿಯೂವಾಗ ಎಲ್ಲಾರ ಪಾಲೂ ಅಂದೆ. ಅವನ ಪಾಲು ಬಿಟ್ಟು, ಮಾರಿದ ಎಮ್ಮಿ ಪಾಲು ಅಂದೆ. ಓಣಿ ಹೆಂಗಸರೆಲ್ಲಾ ನಕ್ರು. ಅವ ಕಾಯಿ ಒಡಿಯಾಕ ಬಾಜೂಕ ನಿಂತಿದ್ದ. 'ಹಂಗಾರ ನಾ ಸತ್ತೆ ಬಿಡಕ್ಕ, ಸತ್ತವರು ಕರಿಯಾಕ ಬರಂಗಿಲ್ಲ' ಅಂದ. ಬರಲಿಲ್ಲ."

"ನೀವರ ಹೋಗಬೇಕಿತ್ತಲ್ರಿ."

"ಕರೀದ ಹೋಗಾಕ ನಾಯೇನು ನಾನು?" ಎಂದಳು ಅಕ್ಕನಾಗಮ್ಮ. ಉಂಡಿ ಕಟ್ಟುವ ಕೈ ನಿಲ್ಲಲಿಲ್ಲ.

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಚಿದಾನಂದಪ್ಪ ಒಳಗೆ ಎರಡು ಹೆಜ್ಜೆ ಇಟ್ಟ. ಉಂಡಿಯ ತಟ್ಟೆಗಳು ಅಡುಗೆಮನೆಯ ತುಂಬ ಹರಡಿದ್ದವು, ಕಾಲಿಡಲು ಜಾಗವಿರಲಿಲ್ಲ. ಹಬ್ಬ ಮುಗಿಯಲಿ ಎಂದುಕೊಂಡು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಆ ಒಂದು ತಿಂಗಳಲ್ಲಿ ಆ ಮನೆಯಲ್ಲಿ ಅವನಷ್ಟು ಒಂಟಿ ಯಾರೂ ಇರಲಿಲ್ಲ ಎಂದರೆ ಅವನ ಪರ ವಹಿಸಿದಂತಾಗುತ್ತದೆ, ಆದರೂ ಅದು ನಿಜ.

ಚೌತಿಯ ಮುಂಜಾನೆಗೂ ಮರಿಬಸಪ್ಪ ಬರಲಿಲ್ಲ. ಎರ್ರಮ್ಮ ತಲೆಗೆ ಎರೆದುಕೊಂಡು, ಹೊಸ ಕುಬುಸ ತೊಡದೆ ಹಳೆಯದನ್ನೇ ತೊಟ್ಟಳು. ಕಣ್ಣು ಕೆಂಪಾಗಿತ್ತು. ಓಣಿಯ ಕೊನೆಯಲ್ಲಿ ಬೇವಿನ ಮರದ ಕಟ್ಟೆ, ಅದರ ಮೇಲೆ ನಾಗಪ್ಪನ ಕಲ್ಲು. ಹೆಂಗಸರು ಆಗಲೇ ಸೇರಿದ್ದರು. ಚಿದಾನಂದಪ್ಪ ತೆಂಗಿನಕಾಯಿ ಹಿಡಿದು ಹಿಂದೆ ಬಂದ.

ಎರ್ರಮ್ಮ ಎರೆದಳು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅತ್ತಿ ಪಾಲು, ಮನಿಯವರ ಪಾಲು, ಮಗಳ ಪಾಲು. ಅಷ್ಟಕ್ಕೆ ಕೊಬ್ಬರಿ ಬಟ್ಟಲನ್ನು ತಟ್ಟೆಯಲ್ಲಿ ಇಟ್ಟುಬಿಟ್ಟಳು.

"ಇನ್ನೊಂದು ಉಳೀತು," ಎಂದಳು ಅಕ್ಕನಾಗಮ್ಮ.

"ಏನೂ ಉಳಿದಿಲ್ರಿ."

"ತಮ್ಮನ ಪಾಲು?"

"ಬರದವಗ ಯಾಕ್ರಿ ಹಾಲು? ಒಂದು ಸುದ್ದೀನರ ಕಳಿಸಬೇಕಿಲ್ಲೇನು?"

ಅಕ್ಕನಾಗಮ್ಮ ಸೊಸೆಯ ಮುಂಗೈ ಹಿಡಿದಳು. "ಬದುಕಿದವನ ಪಾಲು ಬಿಡಬಾರದು. ಬಿಟ್ರ ಸತ್ತಾನ ಅಂದಂಗ. ಅನ್ನು."

"ನೀವು ಬಿಟ್ಟಿಲ್ಲೇನ್ರಿ? ನಾ ಈ ಮನಿ ಸೇರಿ ಒಂಬತ್ತು ಪಂಚಮಿ ಆದ್ವು. ಒಂದ ಸಲ ನಿಮ್ಮ ಬಾಯಾಗ ಕೇಳಿಲ್ಲ."

ಹೊಸದಾಗಿ ಮದುವೆಯಾದ ಒಬ್ಬಳು ಸೆರಗು ಬಾಯಿಗೆ ಹಿಡಿದಳು.

"ಬಿಟ್ಟೀನಿ," ಎಂದಳು ಅಕ್ಕನಾಗಮ್ಮ. "ಬಿಟ್ರ ಏನಾಕ್ಕತಿ ಅಂಬೋದು ನನಗ ಗೊತ್ತೈತಿ. ಅದಕ್ಕ ಹೇಳಾಕತ್ತೀನಿ."

"ಹಂಗಾರ ಮೊದಲು ನೀವು ಅನ್ರಿ. ಆಮ್ಯಾಲೆ ನಾ ಅಂತೀನಿ."

ಸೊಸೆ ಹಟಕ್ಕೆ ಅಂದ ಮಾತು. ಅತ್ತೆ ರೇಗಿ ಎದ್ದು ಹೋಗುತ್ತಾಳೆಂದೇ ಎಲ್ಲರೂ ತಿಳಿದರು. ಅಕ್ಕನಾಗಮ್ಮ ಮಂಡಿಯೂರಿ ಕೂತು, ತನ್ನ ಕೊಬ್ಬರಿ ಬಟ್ಟಲನ್ನು ಮತ್ತೆ ಹಾಲಿಗೆ ಅದ್ದಿದಳು.

"ಅವ್ವಾ," ಎಂದ ಚಿದಾನಂದಪ್ಪ.

"ಏನೋ?"

ಓಣಿಯ ಹೆಂಗಸರೆಲ್ಲ ಅವನ ಕಡೆ ತಿರುಗಿದ್ದರು. ಕೈಯಲ್ಲಿದ್ದ ಕಾಯಿ ಬೆವರಿಗೆ ಜಾರುತ್ತಿತ್ತು. "ಏನಿಲ್ಲ," ಎಂದ.

ಅಕ್ಕನಾಗಮ್ಮ ಹಾಲು ಬಿಟ್ಟಳು. "ತಮ್ಮನ ಪಾಲು," ಎಂದಳು. ಮತ್ತೊಮ್ಮೆ ಅದ್ದಿದಳು. "ನನ್ನ ತಮ್ಮ ವಿರೂಪಾಕ್ಷಪ್ಪನ ಪಾಲು. ಅವನ ಹೊಟ್ಟಿ ತಣ್ಣಗಿರಲಿ." ಆಮೇಲೆ ಸೊಸೆಯ ಕಡೆ ನೋಡಿದಳು. ಎರ್ರಮ್ಮ ಕಣ್ಣೊರೆಸಿಕೊಂಡು ಮರಿಬಸಪ್ಪನ ಪಾಲು ಎರೆದಳು. ಚಿದಾನಂದಪ್ಪ ಕಾಯಿಯನ್ನು ಕಲ್ಲಿಗೆ ಹೊಡೆದ. ಅದು ಮೂರನೆಯ ಏಟಿಗೆ ಒಡೆಯಿತು.

ಮನೆಗೆ ಬಂದ ಅಕ್ಕನಾಗಮ್ಮ ಹದಿನಾರರ ಹುಡುಗಿಯಾದಳು. ಪೆಟ್ಟಿಗೆ ತೆಗೆದಳು, ಇಳಕಲ್ಲ ಸೀರೆ ಕೊಡವಿದಳು, ಬೇರೆ ಡಬ್ಬಿಯಲ್ಲಿದ್ದ ಹನ್ನೆರಡು ಎಳ್ಳುಂಡಿಯನ್ನು ಒಗೆದ ಪಂಚೆಯ ತುಂಡಿನಲ್ಲಿ ಕಟ್ಟಿದಳು.

"ಚಿದಾನಂದ, ನಾಳೆ ಮುಂಜಾನಿ ಬಸ್ಸಿಗಿ ಸಿರುಗುಪ್ಪಿಗಿ ಹೋಗೂಣು. ಅವ ಬರಾಂವಲ್ಲ, ನಮ್ಮಪ್ಪನ ಹಠಾನ ಅವಂದು. ನಾನ ಹೊಕ್ಕೀನಿ. ಅಕ್ಕ ಹೋದ್ರ ಏನು ಕಿರೀಟ ಬೀಳತೈತಾ?"

ಚಿದಾನಂದಪ್ಪ ಗೋಡೆ ಹಿಡಿದು ಕೂತ. "ಅವ್ವಾ, ಮಾವ ಇಲ್ಲ."

"ಎಲ್ಲಿಗಿ ಹೋಗ್ಯಾನ?"

"ತೀರಿಕೊಂಡಾನ."

ಎರ್ರಮ್ಮ ಒಲೆಯ ಹತ್ತಿರದಿಂದ ಎದ್ದು ಬಂದಳು. ಅಕ್ಕನಾಗಮ್ಮ ಗಂಟಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಯಾವಾಗ?"

"ಮಣ್ಣೆತ್ತಿನ ಅಮಾಸಿ ದಿನ."

"ನಿನಗ ಯಾವಾಗ ಗೊತ್ತಾತು?"

"ಆಗಿ ಎರಡು ದಿನಕ್ಕ. ಗಣಾರಾಧನಿಗಿ ನಿನ್ನ ಕರಕೊಂಡು ಬಾ ಅಂತ ಹೇಳಿ ಕಳಿಸಿದ್ರು."

"ಹಾಲೆರಿಯೂವಾಗ ನೀ ಬಾಜೂಕ ನಿಂತಿದ್ದಿ."

"ಹೂಂ."

ಬೈಗುಳ ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವ್ವ ಗಂಟನ್ನು ಬಿಚ್ಚಿ, ಉಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಮತ್ತೆ ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು.

"ಬಸ್ಸು ಎಷ್ಟಕ್ಕ ಬಿಡತೈತಿ?" ಎಂದಳು.

ಸಂಜೆಗೆ ಮರಿಬಸಪ್ಪ ಬಂದ. ಎತ್ತಿನ ಗೊರಸಿಗೆ ಮುಳ್ಳು ನಟ್ಟು ಕೀವಾಗಿತ್ತಂತೆ, ಬೇರೆಯವರ ಬಂಡಿ ಬೇಡಿಕೊಂಡು ಬಂದಿದ್ದ. ಎರ್ರಮ್ಮ ಅವನಿಗೆ ಕಾಲಿಗೆ ನೀರು ಕೊಟ್ಟವಳು ಅಲ್ಲಿಯೇ ಕೂತು ಅತ್ತಳು. ಅವನಿಗೆ ಗಾಬರಿಯಾಯಿತು. "ತಡ ಆತಂತ ಇಷ್ಟು ಅಳ್ತಾರೇನಕ್ಕ?" ಎಂದ.

ಅತ್ತೆಯ ಹಾಸಿಗೆ ಬಿಡಿಸುವಾಗ ಎರ್ರಮ್ಮ, "ನಾನ ನಿಮ್ಮ ಬಾಯಾಗ ಅನ್ನಿಸಿದೆನ್ರಿ ಅತ್ತಿ," ಎಂದಳು.

"ನೀ ಅನ್ನಿಸದಿದ್ರ ನಾ ಸಾಯೂತನಕ ಅಂತಿದ್ದಿಲ್ಲ," ಎಂದಳು ಅಕ್ಕನಾಗಮ್ಮ. "ನಾಳೆ ತಮ್ಮನ ಜೋಡಿ ಹೋಗು. ಹೊಸ ಕುಬುಸ ತೊಟಗೊಂಡು ಹೋಗು."

ಪಂಚಮಿಯ ಬೆಳಿಗ್ಗೆ ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮುತ್ತ ಹೊರಟಿತು. ತೆಕ್ಕಲಕೋಟೆಯಲ್ಲಿ ಇದ್ದಿಲು ತುಂಬಲು ನಿಂತಾಗ ಅಕ್ಕನಾಗಮ್ಮ ಕಿಟಕಿಯಿಂದ ಸಂತೆ ಕೂಡುವ ಬಯಲನ್ನು ನೋಡಿದಳು. ಮಗನೊಡನೆ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಸಿರುಗುಪ್ಪದ ಮನೆಯ ಬಾಗಿಲು ತೆರೆದಿತ್ತು. ಅಂಗಳದಲ್ಲಿ ರಂಗೋಲಿ ಇರಲಿಲ್ಲ. ದೊಡ್ಡಬಸಮ್ಮ ಹೊರಗೆ ಬಂದು ಯಾರೆಂದು ನೋಡಿದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯಿತು.

"ಮಣ್ಣಿಗಿ ಬರಲಿಲ್ಲ. ಗಣಾರಾಧನಿಗೂ ಬರಲಿಲ್ಲ," ಎಂದಳು ದೊಡ್ಡಬಸಮ್ಮ. "ಊರ ಮಂದಿ ಮುಂದ ನಾ ಏನು ಹೇಳಬೇಕಕ್ಕ?"

ಚಿದಾನಂದಪ್ಪ ಮುಂದೆ ಬಂದು ತಪ್ಪು ತನ್ನದೆಂದು ಹೇಳಲು ಬಾಯಿ ತೆರೆದ. ಅಕ್ಕನಾಗಮ್ಮ ಕೈಯೆತ್ತಿ ತಡೆದಳು. "ಬರಲಿಲ್ಲ. ಈಗ ಬಂದೀನಿ," ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. "ನೀ ಮಧ್ಯಾಹ್ನದ ಬಸ್ಸಿಗಿ ಹೋಗು. ನಾ ಇಲ್ಲಿ ಇರಾಕಿ. ದೀಪಾವಳಿ ಹೊತ್ತಿಗಿ ಕರಿಯಾಕ ಬಾ. ಕರದ್ರ ಬರ್ತೀನಿ."

ಅವನು ಜಗಲಿಯ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದು ಹೋದ.

ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ, ಉಂಡಿ ಕಟ್ಟುವಂತಿಲ್ಲ. ಬೇರೆಯವರು ತಂದುಕೊಟ್ಟರೆ ಬಾಯಿ ಸಿಹಿ. ಅಕ್ಕನಾಗಮ್ಮ ಗಂಟು ಬಿಚ್ಚಿ ಒಂದು ಎಳ್ಳುಂಡಿಯನ್ನು ಎರಡು ಭಾಗ ಮಾಡಿ ಅರ್ಧ ದೊಡ್ಡಬಸಮ್ಮನ ಕೈಗಿಟ್ಟಳು.

"ಮೆತ್ತಗದಾವು," ಎಂದಳು ದೊಡ್ಡಬಸಮ್ಮ.

"ಅವನ ಹಲ್ಲು ಹೆಂಗಿದ್ವು?"

"ಎಲ್ಲಾ ಗಟ್ಟಿ ಇದ್ವಕ್ಕ. ಕಬ್ಬು ಕಡಿದು ತಿಂತಿದ್ರು."

ಇಬ್ಬರೂ ಸ್ವಲ್ಪ ಹೊತ್ತು ತಿಂದರು. ಕೊನೆಗೆ ಅಕ್ಕನಾಗಮ್ಮ ಕೇಳಲು ಹೆದರಿದ್ದನ್ನು ಕೇಳಿಯೇಬಿಟ್ಟಳು. "ಹಾಲೆರಿಯೂವಾಗ ನನ್ನ ಪಾಲು ಅಂತಿದ್ನೇನು?"

ದೊಡ್ಡಬಸಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲಕ್ಕ. ನಾ ಪ್ರತಿ ವರ್ಷ ಅನ್ರಿ ಅಂತಿದ್ದೆ. 'ಮೊದಲು ಅಕ್ಕ ಅನ್ನಲಿ, ಆಮ್ಯಾಲೆ ನಾ ಅಂತೀನಿ' ಅಂತಿದ್ರು."

"ನಿನ್ನಿ ಅಂದೆ," ಎಂದಳು ಅಕ್ಕನಾಗಮ್ಮ. "ಚೌತಿ ದಿನ ಅಂದೆ."

ದೊಡ್ಡಬಸಮ್ಮ ಎದ್ದು ಒಳಗೆ ಹೋಗಿ ಒಂದು ಲೋಟ ಬಿಸಿ ಹಾಲು ತಂದುಕೊಟ್ಟಳು. ಹಾಲು ದಪ್ಪಗಿತ್ತು, ಮೇಲೆ ಕೆನೆ ಕಟ್ಟಿತ್ತು.

"ಎಮ್ಮಿ ಹಾಲು," ಎಂದಳು ಅಕ್ಕನಾಗಮ್ಮ.

"ಅದ ಎಮ್ಮಿ ಸಂತಾನ. ನೀವು ಸಿಟ್ಟು ಮಾಡಿಕೊಂಡು ಹೋದ ಮರುವಾರಾನ ತೆಕ್ಕಲಕೋಟಿಗಿ ಹೋಗಿ, ತಗೊಂಡವರ ಕೈಕಾಲು ಹಿಡದು ತಿರುಗಿ ತಂದ್ರು. ಅಕ್ಕ ಬಂದಾಗ ಹೊಡಕೊಂಡು ಹೋಗ್ತಾಳ ಅಂತಿದ್ರು. ಅದು ಸತ್ತು ಹದಿನೈದು ವರ್ಷ ಆತು. ಇದು ಅದರ ಮೊಮ್ಮಗಳು."

ಅಕ್ಕನಾಗಮ್ಮ ಲೋಟ ಹಿಡಿದೇ ಎದ್ದು ಹಿತ್ತಲಿಗೆ ಹೋದಳು. ಅದೇ ಗೂಟ, ಸವೆದು ನುಣುಪಾಗಿತ್ತು. ಎಮ್ಮೆ ಹೊಸಬಳನ್ನು ನೋಡಿ ಮೇವು ಮೆಲ್ಲುವುದನ್ನು ನಿಲ್ಲಿಸಿತು. ಅವಳು ಅದರ ಹಣೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ದೊಡ್ಡಬಸಮ್ಮ ಬಾಗಿಲಲ್ಲಿ ಕಾದಳು.

"ಎಲ್ಲಾರ ಪಾಲೂ ಎರದೆ," ಎಂದಳು ಅಕ್ಕನಾಗಮ್ಮ, ತಿರುಗಿ ನೋಡದೆ. "ಅವತ್ತು ಅಂದ ಎಮ್ಮಿ ಪಾಲು ಒಂದ ಮುಟ್ಟೇತಿ ನೋಡು."

ಆಮೇಲೆ ಲೋಟದ ಹಾಲನ್ನು ಕುಡಿದು, ಕಸಬರಿಗೆ ಎಲ್ಲಿದೆ ಎಂದು ಕೇಳಿ, ಹಟ್ಟಿ ಬಳಿಯಲು ಬಗ್ಗಿದಳು.